ಕುದುರೆಮುಖ, ಅಕ್ಟೋಬರ್: ತುದಿಗೆ ಅರ್ಧ ಕಿಲೋಮೀಟರ್ ಇರುವಾಗ ತಿರುಗಿ ಬಂದೆವು. ಸರಿ ಮಾಡಿದೆವಾ?

ಹೆಜ್ಜೆಗುರುತು

ಕಳೆದ ಶನಿವಾರ ನಾವು ಐದು ಜನ ಕುದುರೆಮುಖಕ್ಕೆ ಹೋಗಿದ್ದೆವು. ಮುಳ್ಳೋಡಿ ಕಡೆಯಿಂದ, ಬೆಳಗ್ಗೆ ಹತ್ತಿ ಸಂಜೆಯೊಳಗೆ ಇಳಿಯುವ ಚಾರಣ. ತುದಿಗೆ ಇನ್ನು ಅರ್ಧ ಕಿಲೋಮೀಟರ್ ಇತ್ತೇನೋ, ಅಲ್ಲಿಂದ ವಾಪಸ್ ಬಂದೆವು. ಆವತ್ತಿನಿಂದ ಗುಂಪಿನ ಇಬ್ಬರು ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬಲ್ಲವರು ಹೇಳಿ.

ನಡೆದದ್ದು ಇಷ್ಟು. ರಾತ್ರಿ ಬಸ್ಸು ಕಳಸಕ್ಕೆ ತಡವಾಗಿ ಬಂತು. ಜೀಪು ಹಿಡಿದು, ಮುಳ್ಳೋಡಿಯ ಚೆಕ್‌ಪೋಸ್ಟ್‌ನಲ್ಲಿ ಹೆಸರು ಬರೆಸಿ, ಬ್ಯಾಗಿನ ಪ್ಲಾಸ್ಟಿಕ್ ಲೆಕ್ಕ ಕೊಟ್ಟು ಕಾಲು ಹಾಕುವಾಗ 8:40. ಆಕಾಶ ತೊಳೆದಿಟ್ಟ ಹಾಗಿತ್ತು. ಮೋಡದ ಚೂರೂ ಇಲ್ಲ. ಒಂಟಿಮರದ ಹತ್ತಿರ ಫೋಟೋ ತೆಗೆಯುತ್ತಾ ಅರ್ಧ ಗಂಟೆ ಕಳೆದೆವು, ಹಳ್ಳಗಳಲ್ಲಿ ಉಂಬಳ, ಅಂದರೆ ಜಿಗಣೆ, ಕೀಳುತ್ತಾ ಇನ್ನರ್ಧ ಗಂಟೆ. ಕಣಿವೆಯ ಶೋಲಾ ಕಾಡಿನೊಳಗಿನ ಕೊನೆಯ ಹಳ್ಳ ದಾಟಿದಾಗ 12:20.

ಅಲ್ಲಿಂದ ಮೇಲಿನ ಏಣಿಗೆ, ಅಂದರೆ ಗುಡ್ಡದ ಬೆನ್ನಿಗೆ, ಬಂದೆವು. ಪಡುವಣ ದಿಕ್ಕು ಪೂರಾ ತೆರೆದಿತ್ತು, ಕರಾವಳಿಯ ಕಡೆ ನೀಲಿ ಗೆರೆ ಕಾಣುತ್ತಿತ್ತು. ನಾವೆಲ್ಲ ಅತ್ತಲೇ ನೋಡುತ್ತಾ ನಿಂತಿದ್ದೆವು. ನಮ್ಮ ಗೈಡ್ ಅಣ್ಣ ಮಾತ್ರ ಬೆನ್ನು ತಿರುಗಿಸಿ ಮೂಡಣಕ್ಕೆ ನೋಡುತ್ತಿದ್ದರು. ನಾನೂ ತಿರುಗಿದೆ. ಕಳಸದ ಆಚೆ ಹೂಕೋಸಿನ ಹಾಗೆ ಮೋಡ ಎದ್ದಿತ್ತು, ಬುಡ ಮಸಿ ಬಣ್ಣ. ಒಂದು ಮಿಂಚು ಹೊಳೆಯಿತು. ಅವರು ಬಾಯಲ್ಲೇ ಎಣಿಸಿದರು, ಹದಿನೈದಕ್ಕೆ ಗುಡುಗು ಕೇಳಿತು. ಐದು ನಿಮಿಷದ ಮೇಲೆ ಇನ್ನೊಂದು ಮಿಂಚು. ಈ ಸಲ ಒಂಬತ್ತಕ್ಕೇ ಕೇಳಿತು. "ಇಳಿಯೋಣ ಸಾರ್" ಅಂದರು.

ಗುಂಪಿನಲ್ಲಿ ಮೂವರು "ಇಲ್ಲೇ ಇದೆಯಲ್ಲ ತುದಿ, ಹದಿನೈದು ನಿಮಿಷ, ಮುಟ್ಟಿ ಬರೋಣ" ಎಂದರು. ನಾನು ಗೈಡ್ ಮಾತಿಗೆ ನಿಂತೆ. ಇಳಿದೆವು. ಶಿಖರದ ಮೇಲೆ ಆಮೇಲೆ ಮಳೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ನಮಗೆ ಸಿಕ್ಕಿದ್ದು ಕೆಳಗೆ ಅರ್ಧ ಗಂಟೆಯ ಜಡಿಮಳೆ, ಅಷ್ಟೇ. ದಿನಕ್ಕೆ 300 ಜನರಿಗೆ ಮಾತ್ರ ಬಿಡುವ ಜಾಗ ಅದು. ಶನಿವಾರದ ಟಿಕೆಟ್ ಹಿಡಿಯಲು ಎಷ್ಟು ಕಷ್ಟಪಟ್ಟಿದ್ದೆವು ಅಂತ ನಮಗೇ ಗೊತ್ತು. ಅತಿಯಾಗಿ ಹೆದರಿದೆನಾ?

ಕಳಸದ ನೆರೆಯವ

ಹೆದರಿದ್ದಲ್ಲ, ಸರಿಯಾಗಿ ನೋಡಿದ್ದು. ನಿಮ್ಮ ಗೈಡ್ ಮೂಡಣಕ್ಕೆ ತಿರುಗಿ ನಿಂತಿದ್ದರಲ್ಲ, ಇಡೀ ಕಥೆ ಇರುವುದೇ ಅಲ್ಲಿ.

ಮುಂಗಾರಿನಲ್ಲಿ ನಮಗೆ ಮೋಡ ಬರುವುದು ಪಡುವಣದಿಂದ, ಸಮುದ್ರದ ಕಡೆಯಿಂದ. ಜೂನ್, ಜುಲೈನಲ್ಲಿ ವಾರಗಟ್ಟಲೆ ಸುರಿದರೂ ಸಿಡಿಲು ಕಡಿಮೆ. ಮುಂಗಾರು ಹಿಂದೆ ಸರಿದ ಮೇಲೆ ಗಾಳಿ ತಿರುಗುತ್ತದೆ. ಬೆಳಗ್ಗೆ ಬಿಸಿಲು ಚುರುಕಾಗಿ ಬಿದ್ದು ಒದ್ದೆ ನೆಲ ಕಾಯುತ್ತದೆ, ಆ ಹಸಿ ಗಾಳಿ ಗುಡ್ಡದ ಮೈ ಹಿಡಿದು ಮೇಲೇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡ ತಯಾರು. ಅದು ಬಯಲುಸೀಮೆ ಕಡೆಯಿಂದ ಘಟ್ಟದತ್ತ ನಡೆದು ಬರುತ್ತದೆ. ಆದ್ದರಿಂದ ಅಕ್ಟೋಬರಿನಲ್ಲಿ ಪಡುವಣ ತೆರೆದಿದೆ ಅಂತ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು ಎಂದಿರಿ. ಆ ಬಿಸಿಲೇ ಮಧ್ಯಾಹ್ನದ ಗುಡುಗಿಗೆ ಒಲೆ.

ನೀವು ಹೋದದ್ದು ಚಿತ್ತೆ ಮಳೆಯ ಕಾಲ. ಕುರುಡು ಚಿತ್ತೆ ಅಂತಾರೆ ನಮ್ಮ ಹಿರಿಯರು. ಕಣ್ಣು ಕಾಣದವನು ಎರಚಿದ ಹಾಗೆ ಎಲ್ಲೋ ಬೀಳುತ್ತದೆ, ಪಕ್ಕದ ತೋಟ ಒಣಗಿಯೇ ಇರುತ್ತದೆ. ತುದಿಯಲ್ಲಿ ಮಳೆ ಬಿತ್ತೋ ಇಲ್ಲವೋ ಅನ್ನುವುದರಿಂದ ನಿಮ್ಮ ತೀರ್ಮಾನ ಅಳೆಯಬೇಡಿ. ನಿಂತಲ್ಲಿ ಏನು ಕಾಣುತ್ತಿತ್ತು, ಏನು ಕೇಳುತ್ತಿತ್ತು, ಅದರ ಮೇಲೆ ಅಳೆಯಿರಿ.

ಗಟ್ಟಿಹೆಜ್ಜೆ

ನನ್ನದು ಬೇರೆ ಅಭಿಪ್ರಾಯ. ಕುದುರೆಮುಖ, ಕುಮಾರಪರ್ವತ, ನೇತ್ರಾವತಿ ಶಿಖರ ಎಲ್ಲ ಸೇರಿ ಇಪ್ಪತ್ತು ಸಲ ಹತ್ತಿದ್ದೇನೆ. ಗುಡುಗುತ್ತಿರುವಾಗಲೇ ಎರಡು ಸಲ ತುದಿ ಮುಟ್ಟಿದ್ದೇನೆ. ಹದಿನೈದು ನಿಮಿಷದ ದಾರಿಗೆ ಹಿಂದೆ ಬರುವುದಾದರೆ ಅಷ್ಟು ದೂರ ಹೋಗುವುದು ಯಾಕೆ? ರೇನ್‌ಕೋಟ್ ಹಾಕಿಕೊಂಡು ಓಡಿ ಮುಟ್ಟಿ ಬರಬಹುದಿತ್ತು. ಬೇಸರ ಪಟ್ಟುಕೊಂಡಿರುವ ಗೆಳೆಯರ ಮನಸ್ಸು ನನಗೆ ಅರ್ಥವಾಗುತ್ತದೆ.

ಮಿಂಚುಲೆಕ್ಕ

ಗಟ್ಟಿಹೆಜ್ಜೆಯವರೇ, ಎರಡು ಸಲ ಏನೂ ಆಗಲಿಲ್ಲ ಅನ್ನುವುದರಿಂದ ಮೂರನೇ ಸಲದ ಬಗ್ಗೆ ಏನೂ ತಿಳಿಯುವುದಿಲ್ಲ. ಲೆಕ್ಕ ನೋಡೋಣ.

ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಹದಿನೈದು ಅಂದರೆ ಐದು ಕಿಲೋಮೀಟರ್, ಒಂಬತ್ತು ಅಂದರೆ ಮೂರು. ಐದು ನಿಮಿಷದಲ್ಲಿ ಎರಡು ಕಿಲೋಮೀಟರ್ ಹತ್ತಿರ ಬಂದಿದೆ. ಅದೇ ವೇಗದಲ್ಲಿ ಹದಿನೈದು ನಿಮಿಷ ಕಳೆಯುವ ಮೊದಲೇ ಮೋಡ ನಿಮ್ಮ ತಲೆಯ ಮೇಲೇ. ನೀವಾಗ ಸುಮಾರು 1,890 ಮೀಟರ್ ಎತ್ತರದ ಬೋಳು ಹುಲ್ಲುಗುಡ್ಡದ ನೆತ್ತಿಯಲ್ಲಿ, ಸುತ್ತಮುತ್ತಲಿನ ಎಲ್ಲಕ್ಕಿಂತ ಎತ್ತರದ ವಸ್ತುವಾಗಿ ನಿಂತಿರುತ್ತೀರಿ.

ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಆಗಲೇ ಅಪಾಯದ ವಲಯದಲ್ಲಿದ್ದೀರಿ ಅಂತ ಲೆಕ್ಕ. ಸಿಡಿಲು ಮೋಡದ ಬುಡಕ್ಕೇ ಬೀಳಬೇಕೆಂದಿಲ್ಲ, ಹತ್ತು ಕಿಲೋಮೀಟರ್ ಆಚೆಗೂ ಬೀಳುತ್ತದೆ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯದೆ ಮತ್ತೆ ಏಣಿಗೆ ಹತ್ತಬಾರದು. ನಿಜ ಹೇಳಬೇಕೆಂದರೆ ನೀವು ಹದಿನೈದು ಎಣಿಸಿದಾಗಲೇ ತಿರುಗಬೇಕಿತ್ತು. ಎರಡನೇ ಮಿಂಚಿಗೆ ಕಾದದ್ದೇ ತಡ.

ಮೊದಲ ಚಾರಣ

ನಾನು ಮುಂದಿನ ವಾರ ಮೊದಲ ಸಲ ಹೋಗುತ್ತಿದ್ದೇನೆ. ಇದನ್ನೆಲ್ಲ ಓದಿ ಎದೆ ಹೊಡೆದುಕೊಳ್ಳುತ್ತಿದೆ. ಮಳೆ, ಗುಡುಗು ಬಂದರೆ ಒಂಟಿಮರದ ಕೆಳಗೆ ನಿಲ್ಲಬಹುದಾ? ವಿಡಿಯೋಗಳಲ್ಲಿ ಎಲ್ಲರೂ ಅಲ್ಲೇ ಕೂತು ಊಟ ಮಾಡುತ್ತಿರುತ್ತಾರೆ. ಉಂಬಳಕ್ಕೆ ಏನು ಮಾಡಬೇಕು ಅಂತಲೂ ಹೇಳಿ.

ಕಳಸದ ನೆರೆಯವ

ದಯವಿಟ್ಟು ನಿಲ್ಲಬೇಡಿ. ಬಿಸಿಲಿಗೆ ನಿಲ್ಲಿ, ಊಟಕ್ಕೆ ನಿಲ್ಲಿ, ಗುಡುಗಿಗೆ ಮಾತ್ರ ಬೇಡವೇ ಬೇಡ. ಹುಲ್ಲುಗಾವಲಿನ ನಡುವೆ ಒಂದೇ ಒಂದು ಮರ ಎದ್ದು ನಿಂತಿದೆ, ಹೆಸರೇ ಒಂಟಿಮರ. ಸಿಡಿಲಿಗೆ ಅದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ನಮ್ಮ ಮನೆಯ ಗದ್ದೆಯಂಚಿನಲ್ಲಿ ಒಂದು ಹಲಸಿನ ಮರ ಇತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅದಕ್ಕೆ ಸಿಡಿಲು ಬಡಿಯಿತು. ಮರಕ್ಕೆ ತುದಿಯಿಂದ ಬುಡದವರೆಗೆ ಒಂದು ಬೆರಳಗಲದ ಸೀಳು ಬಿಟ್ಟರೆ ಏನೂ ಆಗಲಿಲ್ಲ. ಕೆಳಗೆ ನಿಂತಿದ್ದ ಎರಡು ದನ ಸತ್ತಿದ್ದವು, ಮೈಮೇಲೆ ಗಾಯವೇ ಇಲ್ಲ. ಬಾಯಲ್ಲಿ ಅರ್ಧ ಅಗಿದ ಹುಲ್ಲು ಹಾಗೇ ಇತ್ತು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮಿಂಚುಲೆಕ್ಕ

ಆ ದನಗಳು ಸತ್ತದ್ದು ಯಾಕೆ ಅಂತ ಹೇಳುತ್ತೇನೆ. ಸಿಡಿಲು ಮರಕ್ಕೆ ಬಿದ್ದ ಮೇಲೆ ಅಲ್ಲಿಗೇ ಮುಗಿಯುವುದಿಲ್ಲ, ಬುಡದಿಂದ ನೆಲದುದ್ದಕ್ಕೂ ಹರಡುತ್ತದೆ. ಬುಡದ ಹತ್ತಿರ ವಿದ್ಯುತ್ ಒತ್ತಡ ಹೆಚ್ಚು, ದೂರ ಹೋದಂತೆ ಕಡಿಮೆ. ಒಂದು ಕಾಲು ಹತ್ತಿರ, ಇನ್ನೊಂದು ದೂರ ಇದ್ದರೆ ಆ ವ್ಯತ್ಯಾಸಕ್ಕೆ ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದರಲ್ಲಿ ಇಳಿಯುತ್ತದೆ. ದನದ ಮುಂಗಾಲು ಹಿಂಗಾಲು ನಡುವೆ ಅಂತರ ಹೆಚ್ಚು, ಮಧ್ಯೆ ಹೃದಯ. ಅದಕ್ಕೇ ಮಲಗಲೂಬಾರದು, ಕಾಲು ಅಗಲಿಸಿ ನಿಲ್ಲಲೂಬಾರದು.

ಬಯಲಲ್ಲಿ ಸುರಕ್ಷಿತ ಜಾಗ ಅಂತ ಯಾವುದೂ ಇಲ್ಲ, ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಇರುವುದು ಕಡಿಮೆ ಕೆಟ್ಟ ಜಾಗ ಮಾತ್ರ. ಏಣಿ ಬಿಟ್ಟು ಕೆಳಗಿಳಿಯುವುದೇ ಮೊದಲ ಕೆಲಸ. ಹಳ್ಳದ ನೀರಿನಲ್ಲಿ ನಿಲ್ಲಬೇಡಿ, ಬಂಡೆಗೆ ಒರಗಬೇಡಿ. ಕಣಿವೆಯ ತಗ್ಗಿನಲ್ಲಿ ಒಂದೇ ಎತ್ತರದ ಮರಗಳಿರುವ ಶೋಲಾ ಸಿಕ್ಕರೆ, ಅಂಚಿನಲ್ಲಲ್ಲ, ಒಳಗೆ ಹೋಗಿ, ಯಾವ ಮರದ ಕಾಂಡಕ್ಕೂ ತಾಗದೆ ಇರಿ. ಐದು ಜನ ಇದ್ದರೆ ಐದೂ ಜನ ಒಟ್ಟಿಗೆ ಮುದುಡಿ ಕೂರಬೇಡಿ. ಒಬ್ಬರಿಂದ ಒಬ್ಬರು ಹದಿನೈದು ಇಪ್ಪತ್ತು ಮೀಟರ್ ದೂರ ಇದ್ದರೆ, ಒಬ್ಬರಿಗೆ ಏನಾದರೂ ಆದರೂ ಉಳಿದವರು ಎದೆ ಒತ್ತಿ ಉಸಿರು ಕೊಡಬಹುದು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಮುಟ್ಟಲು ಹೆದರಿ ನಿಂತರೆ ಉಳಿಯಬಹುದಾದ ಜೀವವೂ ಹೋಗುತ್ತದೆ.

ಫೋನಿನಲ್ಲಿ ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ', ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು', ಎರಡೂ ಆ್ಯಪ್ ಇಟ್ಟುಕೊಳ್ಳಿ. ಮುಳ್ಳೋಡಿಯಿಂದ ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ, ಹಾಗಾಗಿ ಹೊರಡುವ ಮುಂಚೆಯೇ ನೋಡಿ. ಆಮೇಲೆ ಕಣ್ಣು, ಕಿವಿ, ಗೈಡ್.

ಹುಲ್ಲುಗಾವಲು

ಉಂಬಳದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ದಪ್ಪ ನೇಯ್ಗೆಯ, ಮೊಣಕಾಲಿನವರೆಗೆ ಬರುವ ಉಂಬಳದ ಕಾಲುಚೀಲ ಸಿಗುತ್ತದೆ, ಪ್ಯಾಂಟನ್ನು ಅದರೊಳಗೆ ತುರುಕಿ. ಹಳ್ಳದ ಪಕ್ಕ, ತರಗೆಲೆಯ ಮೇಲೆ ಜಾಸ್ತಿ ಹೊತ್ತು ನಿಲ್ಲಬೇಡಿ. ನಮ್ಮ ಉಸಿರು, ಮೈಬಿಸಿ, ಹೆಜ್ಜೆಯ ಅದುರು ಗೊತ್ತಾಗಿಯೇ ಅದು ಬರುವುದು. ಮುಂದಿನವನ ಹೆಜ್ಜೆಗೆ ಎಚ್ಚರವಾಗಿ, ಹಿಂದಿನವನ ಕಾಲಿಗೆ ಹತ್ತುತ್ತದೆ.

ಕಚ್ಚಿದರೆ ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ತಾಗಿಸಿ, ಸಪೂರ ತುದಿಯ ಬಾಯಿ ಇರುವ ಕಡೆ ಪಕ್ಕಕ್ಕೆ ಜಾರಿಸಿ ಬಿಡಿಸಿ. ಅದರ ಜೊಲ್ಲಿನಲ್ಲಿ ಒಂದು ಅಂಶ ಇದೆ, ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗಾಗಿ ಬಿಡಿಸಿದ ಮೇಲೂ ಬಹಳ ಹೊತ್ತು ಒಸರುತ್ತದೆ, ಗಾಬರಿ ಬೇಡ. ಒಂದು ಬಟ್ಟೆ ಒತ್ತಿ ಕಟ್ಟಿ. ಉಪ್ಪಿನ ಪೊಟ್ಟಣ ತೆಗೆದುಕೊಂಡು ಹೋಗಿ ದಾರಿಯುದ್ದಕ್ಕೂ ಚೆಲ್ಲುವವರನ್ನು ನೋಡಿದ್ದೇನೆ, ಕೈಮುಗಿದು ಕೇಳುತ್ತೇನೆ, ಬೇಡ. ಅದೇ ಹಸಿಮಣ್ಣಿನಲ್ಲಿ ಕಪ್ಪೆಗಳಿವೆ. ಅವು ಚರ್ಮದಿಂದಲೂ ಉಸಿರಾಡುತ್ತವೆ, ಉಪ್ಪು ಅವಕ್ಕೆ ಬೆಂಕಿ.

ಇನ್ನೊಂದು ಮಾತು. ಎಲ್ಲರೂ ತುದಿ ತುದಿ ಅನ್ನುತ್ತಿದ್ದೀರಿ. ಅಕ್ಟೋಬರಿನ ಕುದುರೆಮುಖದಲ್ಲಿ ತುದಿಗಿಂತ ದೊಡ್ಡದು ಕಾಲಬುಡದಲ್ಲಿದೆ. ಒಂಟಿಮರ ದಾಟಿದ ಮೇಲೆ ನೀರು ಜಿನುಗುವ ಕಡೆ ಮಂಡಿಯೂರಿ ನೋಡಿ. ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಎಲೆಗೊಂಚಲು, ಒಂದೊಂದು ಎಲೆಯ ಅಂಚಿನಲ್ಲೂ ಕೂದಲಿನ ತುದಿಗೆ ಅಂಟಿನ ಹನಿ. ಕೀಟ ಹಿಡಿಯುವ ಗಿಡ ಅದು, ಡ್ರೊಸೆರಾ. ನಾನು ನೋಡುವಾಗ ಒಂದು ನುಸಿ ಸಿಕ್ಕಿಬಿದ್ದು ಒಂದೇ ರೆಕ್ಕೆ ಬಡಿಯುತ್ತಿತ್ತು, ಪಕ್ಕದ ಕೂದಲುಗಳು ನಿಧಾನಕ್ಕೆ ಅದರ ಕಡೆ ಬಾಗುತ್ತಿದ್ದವು. ಮಣ್ಣಿನಲ್ಲಿ ಸತ್ವ ಇಲ್ಲದ್ದಕ್ಕೆ ಗಿಡ ಕಂಡುಕೊಂಡ ದಾರಿ. ಮಳೆ ಪೂರ್ತಿ ನಿಂತು ನೆಲ ಒಣಗಿದರೆ ಅದೂ ಕಾಣುವುದಿಲ್ಲ.

ಮರ ಇಲ್ಲದ ಗುಡ್ಡ ಬರಿದು ಅಂದುಕೊಳ್ಳುವವರು ಬಹಳ. ಏಣಿಯ ಮೇಲೆ ಮಣ್ಣು ತೆಳು, ಗಾಳಿ ಜೋರು, ಅಲ್ಲಿ ಹುಲ್ಲು. ಕಣಿವೆಯ ಮಡಿಲಿನಲ್ಲಿ ಮಣ್ಣು ದಪ್ಪ, ನೀರು ನಿಲ್ಲುತ್ತದೆ, ಅಲ್ಲಿ ಶೋಲಾ. ಹುಲ್ಲು ಕುಡಿದ ಮಳೆಯನ್ನು ಶೋಲಾ ತಿಂಗಳುಗಟ್ಟಲೆ ಬಿಡುತ್ತದೆ. ಇದೇ ಉದ್ಯಾನದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಅದಕ್ಕೇ ದಾರಿ ಬಿಟ್ಟು ಹುಲ್ಲಿನ ಮೇಲೆ ಅಡ್ಡ ಕತ್ತರಿಸಿ ಇಳಿಯಬೇಡಿ. ಒಂದು ಸಲ ಕಿತ್ತ ಜಾಡಿನಲ್ಲಿ ಮರುವರ್ಷ ನೀರು ಕೊರಕಲು ಹೊಡೆಯುತ್ತದೆ.

ಮಲ್ಲೇಶ್ವರದ ಮಗಳು

ಹುಲ್ಲಿನ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಮಲ್ಲೇಶ್ವರ ಅಂದರೆ ಬೆಂಗಳೂರಿನದಲ್ಲ, ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಟೌನ್‌ಶಿಪ್ ಇದ್ದ ಮಲ್ಲೇಶ್ವರ. ನಾನು ಬೆಳೆದದ್ದು ಅಲ್ಲಿ. ಗಣಿ ನಡೆಯುತ್ತಿದ್ದ ದಿನಗಳಲ್ಲಿ ಮಳೆಗಾಲದ ಭದ್ರೆ ಕೆಂಪಗೆ ಹರಿಯುವುದನ್ನು ನೋಡಿದ್ದೇನೆ. ನಮಗೆ ಅನ್ನ ಕೊಟ್ಟದ್ದು ಆ ಗಣಿಯೇ, ಅದನ್ನೂ ಮರೆಯುವುದಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಯಿತು. ಅದಕ್ಕೂ ಮುಂಚೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿ, ಈ ಕಾಡು ಆ ಕೋತಿಗಳಿಗೆ ಎಷ್ಟು ಮುಖ್ಯ ಅಂತ ತೋರಿಸಿಕೊಟ್ಟಿದ್ದರು. 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, 2005ರ ಡಿಸೆಂಬರ್ ಕೊನೆಗೆ ಗಣಿ ನಿಂತಿತು. ನಮ್ಮ ಬೀದಿ ಖಾಲಿಯಾಯಿತು.

ಆಗ ಮನೆಯಲ್ಲಿ ದುಃಖವೇ ದುಃಖ. ಈಗ ಹೋದಾಗ ಅಲ್ಲಿನ ಮೌನ ನೋಡಿ, ನಮ್ಮ ಮನೆಗಳಿಗಿಂತ ಹಳೆಯದೊಂದು ಮನೆ ಉಳಿಯಿತು ಅನ್ನಿಸುತ್ತದೆ.

ಈ ಬೆಟ್ಟವನ್ನು ಮುಂಚೆ ಸಂಸೆಪರ್ವತ ಎನ್ನುತ್ತಿದ್ದರು, ಸಂಸೆಯ ಕಡೆಯಿಂದ ಹತ್ತುತ್ತಿದ್ದರಿಂದ. ಕುದುರೆಯ ಮುಖ ಕಾಣಬೇಕಾದರೆ ಕೆಳಗೆ ಕರಾವಳಿಯ ಕಡೆಯಿಂದ ನೋಡಬೇಕು. ತುದಿಗೆ ಹೋದವರಿಗೆ ಆ ಮುಖ ಕಾಣುವುದಿಲ್ಲ. ಹೆಜ್ಜೆಗುರುತು ಅವರೇ, ನೀವು ಇಳಿದು ಬಂದದ್ದು ಸರಿ.

ಗಟ್ಟಿಹೆಜ್ಜೆ

ಎಲ್ಲ ಓದಿದೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅನ್ನುವ ಲೆಕ್ಕ ನನಗೆ ಗೊತ್ತಿತ್ತು, ಆದರೆ ಬೆಟ್ಟದ ಮೇಲೆ ಒಂದು ಸಲವೂ ಎಣಿಸಿಲ್ಲ. ಎರಡು ಸಲ ಗುಡುಗಿನಲ್ಲಿ ಹತ್ತಿದಾಗ ನನ್ನ ಜೊತೆ ಹೊಸಬರಿದ್ದರು, ನನ್ನನ್ನು ನಂಬಿ ಬಂದವರು. ಅದು ಈಗ ಕೊರೆಯುತ್ತಿದೆ. ಓಡಿ ಮುಟ್ಟಿ ಬರಬಹುದಿತ್ತು ಅಂತ ಮೇಲೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆದರೂ ಒಂದು ಹೇಳುತ್ತೇನೆ. ತಪ್ಪು 12:50ಕ್ಕೆ ಆದದ್ದಲ್ಲ, 8:40ಕ್ಕೆ ಆದದ್ದು. ಹೋಗಿ ಬರಲು ಹೆಚ್ಚುಕಡಿಮೆ 20 ಕಿಲೋಮೀಟರ್, ಏರು ಸಾವಿರ ಮೀಟರ್ ಹತ್ತಿರ. ಅಕ್ಟೋಬರ್ ಕೊನೆಗೆ ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ, ಶೋಲಾ ಒಳಗೆ ಐದೂವರೆಗೇ ಮಬ್ಬು. ರಾತ್ರಿ ಬಸ್ಸಿಳಿದು ಕಣ್ಣುಜ್ಜಿಕೊಂಡು ನೇರ ಬೆಟ್ಟಕ್ಕೆ ಹೋಗುವುದೇ ಬೇಡ. ಹಿಂದಿನ ದಿನವೇ ಬಂದು ಮುಳ್ಳೋಡಿ ಸುತ್ತ ಎಲ್ಲಾದರೂ ತಂಗಿ. ಗೇಟು ತೆಗೆದ ಕೂಡಲೇ ಹೊರಟರೆ ಹನ್ನೊಂದಕ್ಕೆ ತುದಿಯಲ್ಲಿರುತ್ತೀರಿ, ಗುಡುಗು ಏಳುವ ಹೊತ್ತಿಗೆ ಒಂಟಿಮರ ದಾಟಿ ಕೆಳಗೆ.

ಕಳಸದ ನೆರೆಯವ

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಹನ್ನೆರಡಕ್ಕೆ ಎಲ್ಲಿದ್ದರೂ ತಿರುಗುವುದು ಅಂತ ಕೆಳಗೇ, ಚೆಕ್‌ಪೋಸ್ಟ್‌ನಲ್ಲೇ ಎಲ್ಲರೂ ಸೇರಿ ತೀರ್ಮಾನಿಸಿಕೊಳ್ಳಿ. ತುದಿ ಕಣ್ಣೆದುರು ಇರುವಾಗ ಯಾರ ತಲೆಯೂ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಮೂವರಲ್ಲಿ ಒಬ್ಬ

ನಾನು ಆವತ್ತು ಹದಿನೈದು ನಿಮಿಷ ಅಂತ ಹಟ ಹಿಡಿದ ಮೂವರಲ್ಲಿ ಒಬ್ಬ. ಇಲ್ಲಿ ಬರೆದಿದ್ದಾನೆ ಅಂತ ಇವತ್ತು ಗೊತ್ತಾಯಿತು.

ಹೆಜ್ಜೆಗುರುತು ಒಂದು ವಿಷಯ ಬರೆದಿಲ್ಲ. ಇಳಿಯುವಾಗ ಒಂಟಿಮರದ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ನಾನು ಬ್ಯಾಗ್ ಬಿಸಾಕಿ ಮರದ ಬುಡಕ್ಕೆ ಒರಗಿ ಕೂತುಬಿಟ್ಟೆ. ಕಾಲು ಸೋತಿತ್ತು, ಮನಸ್ಸು ಅದಕ್ಕಿಂತ ಸೋತಿತ್ತು. ಗೈಡ್ ಬಂದು ಏನೂ ಹೇಳದೆ ನನ್ನ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ಮುಂದೆ ನಡೆದರು. ಬ್ಯಾಗಿನ ಹಿಂದೆ ನಾನು ಹೋಗಲೇಬೇಕಾಯಿತು. ಬೈಯುತ್ತಾ ಹೋದೆ. ಅವರಿಗೆ ಕೇಳಿಸಿರಬೇಕು. ಯಾಕೆ ಹಾಗೆ ಮಾಡಿದರು ಅಂತ ಮೇಲಿನ ಹಲಸಿನ ಮರದ ಕಥೆ ಓದಿದ ಮೇಲೆ ತಿಳಿಯಿತು. ಆಗಲೇ ಅವರ ನಂಬರಿಗೆ ಫೋನ್ ಮಾಡಿ ಮಾತಾಡಿದೆ. "ಅದಿರಲಿ, ಯಾವಾಗ ಬರ್ತೀರಿ?" ಅಂತ ಕೇಳಿದರು.

ಹೆಜ್ಜೆಗುರುತು

ಇದನ್ನು ಓದಿ ಕಣ್ಣು ತುಂಬಿತು. ನಿನ್ನೆ ರಾತ್ರಿ ಇವನೇ ಫೋನ್ ಮಾಡಿದ್ದ, ಒಂದು ಗಂಟೆ ಮಾತಾಡಿದೆವು.

ಡಿಸೆಂಬರ್ ಎರಡನೇ ವಾರ, ಒಂದು ಮಂಗಳವಾರಕ್ಕೆ ಐದೂ ಜನರಿಗೆ ಟಿಕೆಟ್ ಸಿಕ್ಕಿದೆ. ಬೇಸಿಗೆ ಬಂದರೆ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ, ಅದಕ್ಕೇ ತಡ ಮಾಡಲಿಲ್ಲ. ಸೋಮವಾರ ಸಂಜೆಗೇ ಬಂದು ಉಳಿಯುತ್ತೇವೆ, ಅದೇ ಗೈಡ್ ಅಣ್ಣನನ್ನು ಕೇಳಿಕೊಂಡಿದ್ದೇವೆ. ಒಂದೇ ಪ್ರಶ್ನೆ ಉಳಿದಿದೆ: ಆ ಹೊತ್ತಿಗೆ ಮೇಲಿನ ಕೊನೆಯ ಹಳ್ಳದಲ್ಲಿ ನೀರು ಇರುತ್ತದಾ, ಅಥವಾ ಕೆಳಗಿನಿಂದಲೇ ಹೊರಬೇಕಾ?

ಕಳಸದ ನೆರೆಯವ

ಇರುತ್ತದೆ. ಶೋಲಾ ಒಳಗಿನದು, ಡಿಸೆಂಬರಿಗೆಲ್ಲ ಬತ್ತುವುದಿಲ್ಲ. ಆದರೂ ತಲಾ ಎರಡು ಲೀಟರ್ ಹೊತ್ತುಕೊಂಡೇ ಹೊರಡಿ, ಅಲ್ಲಿ ತುಂಬಿಸಿಕೊಂಡರಾಯಿತು. ಬೆಳಗ್ಗೆ ಇಬ್ಬನಿಗೆ ಹುಲ್ಲು ಸೊಂಟದವರೆಗೆ ಒದ್ದೆ ಮಾಡುತ್ತದೆ, ಒಂದು ಜೊತೆ ಒಣ ಕಾಲುಚೀಲ ಬ್ಯಾಗಿನಲ್ಲಿರಲಿ.